“ಡಾಕ್ಟರಿಗೆ ತೋರಿಸೋ” ಅಂದರೆ ಕೆಲಸ ಮುಗಿಯಿತಾ?

“ಒಂದ್ಸಲ ಡಾಕ್ಟರಿಗೆ ತೋರಿಸೋ ಮಾರಾಯ” ಅಂತ ನಾವು ಹೇಳುತ್ತೇವೆ. ಗೆಳೆಯ “ಹೂಂ, ನೋಡೋಣ” ಅನ್ನುತ್ತಾನೆ. ಆ “ನೋಡೋಣ” ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕೊನೆಗೆ “ಇವನಿಗೆ ಎಷ್ಟು ಹೇಳಿದರೂ ಅಷ್ಟೇ, ಬರೀ ಉಡಾಫೆ” ಅಂತ ಬೈದು ಸುಮ್ಮನಾಗುತ್ತೇವೆ.

ನನಗೆ ಕಂಡ ಮಟ್ಟಿಗೆ ಅದು ಉಡಾಫೆಗಿಂತ ಜಾಸ್ತಿ ಭಯ. ನನ್ನ ಗೆಳೆಯನೊಬ್ಬ ಬಾಟಲಿಗಟ್ಟಲೆ ನೀರು ಕುಡಿದರೂ ಬಾಯಿ ಒಣಗುತ್ತೆ ಅನ್ನುತ್ತಿದ್ದ. ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ. ಪ್ಯಾಂಟು ಜಾರುತ್ತೆ ಅಂತ ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದ. ಕೇಳಿದರೆ “ಸಣ್ಣ ಆಗಿದ್ದೀನಿ, ಒಳ್ಳೇದೇ ಅಲ್ವಾ?” ಅಂತ ನಗು. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಫೋನಿನಲ್ಲಿ ಎಲ್ಲ ಓದಿದ್ದ. ಅದಕ್ಕೇ ಹೋಗಿರಲಿಲ್ಲ. ಟೆಸ್ಟ್ ಮಾಡಿಸದಿದ್ದರೆ ಶುಗರ್ರೂ ಇಲ್ಲ ಅನ್ನೋ ಲೆಕ್ಕ!

ಇಂಥವರಿಗೆ ಕಿಡ್ನಿ ಹೋದವರ ಕಥೆ, ಕಾಲು ತೆಗೆದವರ ಫೋಟೊ ವಾಟ್ಸಾಪ್ ಮಾಡಬೇಡಿ. ನಾಲ್ಕು ಜನರ ಮುಂದೆ ವಿಷಯ ಎತ್ತಬೇಡಿ. “ನಿನಗೆ ಶುಗರ್ ಬಂದಿದೆ” ಅಂತ ತೀರ್ಪು ಕೊಡೋದೂ ಬೇಡ, ನಾವೇನು ಡಾಕ್ಟರಾ? “ಬೆಲ್ಟ್ ನೋಡಿದೆ ಕಣೋ, ಯಾಕೋ ಯೋಚನೆ ಆಗ್ತಿದೆ” ಅಂದರೆ ಸಾಕು. ಆಮೇಲೆ ಬಾಯಿ ಮುಚ್ಚಿಕೊಂಡು ಅವನ ಮಾತು ಕೇಳಬೇಕು. ಕಷ್ಟ ಇರೋದು ಇಲ್ಲೇ. ಅವನ ಭಯ ಯಾವುದಕ್ಕೆ? ಸೂಜಿಗಾ, ಖರ್ಚಿಗಾ, ಮನೆಯವರಿಗೆ ಗೊತ್ತಾಗುತ್ತೆ ಅಂತಲಾ? ಅದು ತಿಳಿಯದೆ ಕೊಟ್ಟ ಸಲಹೆ ಎಲ್ಲ ದಂಡ.

ಮುಂದಿನ ಕೆಲಸವನ್ನು ಆದಷ್ಟು ಚಿಕ್ಕದು ಮಾಡಿ. ಜೀವನಪೂರ್ತಿ ಮಾತ್ರೆಯ ಮಾತು ಈಗಲೇ ಯಾಕೆ? ಒಂದು ರಕ್ತ ಪರೀಕ್ಷೆ, ಅಷ್ಟೇ. ಎಚ್‌ಬಿಎ1ಸಿ ಅನ್ನೋ ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತಲೂ ಇಲ್ಲ. ಹಿಂದಿನ 2-3 ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಸಿಗುತ್ತದೆ, ಶೇಕಡಾ 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಯಾಬಿಟಿಸ್ ಅಂತ ಲೆಕ್ಕ. ಅಪಾಯಿಂಟ್‌ಮೆಂಟ್ ನೀವೇ ತಗೊಳ್ಳಿ, ಜೊತೆಗೆ ಹೋಗಿ. ನನ್ನ ಗೆಳೆಯ ಲ್ಯಾಬ್ ತನಕ ಬಂದವನು “ಫೋನ್ ಬಂತು” ಅಂತ ಎರಡು ಸಲ ಎದ್ದ. ಫೋನ್ ಬಂದೇ ಇರಲಿಲ್ಲ. ಪಕ್ಕದಲ್ಲಿ ಒಬ್ಬರು ಇದ್ದರು ಅಂತ ಮತ್ತೆ ಕೂತ. ಶುಗರ್ ಇತ್ತು. ಈಗ ಮಾತ್ರೆ ತಗೊಳ್ತಾನೆ, ಗೊಣಗುತ್ತಾನೆ, ಆರಾಮಾಗಿದ್ದಾನೆ.

ರಿಪೋರ್ಟ್ ನಾರ್ಮಲ್ ಬಂದರೆ “ಸುಮ್ನೆ ಹೆದರಿಸಿದೆ” ಅನ್ನಿಸಿಕೊಳ್ಳಬೇಕಾಗುತ್ತದೆ. ಅನ್ನಿಸಿಕೊಳ್ಳಿ. ಬರಲ್ಲ ಅಂದರೆ ಜಗಳ ಆಡಬೇಡಿ, ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ. ಮೈ ಅವನದು, ನಿರ್ಧಾರವೂ ಅವನದೇ.

ಆದರೆ ಈ ತಾಳ್ಮೆ ಎಲ್ಲದಕ್ಕೂ ಅಲ್ಲ. ಎದೆ ಹಿಂಡಿದ ಹಾಗಾಗಿ, ನೋವು ಕೈಗೋ ದವಡೆಗೋ ಹರಡಿ, ಬೆವರು ಕಿತ್ತುಕೊಂಡು ಬರುತ್ತಿರುವಾಗಲೂ “ಗ್ಯಾಸ್ ಇರಬೇಕು ಬಿಡು” ಅನ್ನುವವರಿದ್ದಾರೆ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೂ “ಮಲಗಿದರೆ ಸರಿಹೋಗುತ್ತೆ” ಅನ್ನುವವರಿದ್ದಾರೆ. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಅಲ್ಲಿ ಮನವೊಲಿಸುತ್ತಾ ಕೂರಬೇಡಿ. ಆಂಬ್ಯುಲೆನ್ಸ್ ಕರೆಯಿರಿ. ಬೈದರೆ ಆಮೇಲೆ ಬೈಯಲಿ.