ಮಲೆನಾಡಿನ ಸೋವು, ಕೊಲೊರಾಡೊದ ಬಿಲ್ಲು

ಅಮೆರಿಕದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುತ್ತೇನೆ ಅಂದರೆ ನಮ್ಮವರು ಕೇಳುವುದು ಎರಡೇ ಪ್ರಶ್ನೆ. ಇಲ್ಲಿನ ಕನ್ನಡ ಕೂಟದ ಗೆಳೆಯರು "ಪಾಪ ಅನ್ನಿಸಲ್ವೇನ್ರೀ?" ಅಂತಾರೆ. ಕೊಪ್ಪದ ಕಡೆಯ ನೆಂಟರು "ಎಷ್ಟು ಮಾಂಸ ಸಿಕ್ತು ಮಾರಾಯ?" ಅಂತಾರೆ. ಹೋದ ಸೆಪ್ಟೆಂಬರಿನಲ್ಲಿ ನಾನು ಬಿಲ್ಲು ಹೊತ್ತು ಗುಡ್ಡ ಸುತ್ತಿದ್ದೇ ಬಂತು, ಒಂದು ಬಾಣವನ್ನೂ ಬಿಡಲಿಲ್ಲ. ಬಿಲ್ಲಿನಲ್ಲಿ ಎಲ್ಕ್ ಹೊಡೆಯಲು ಹೋದವರಲ್ಲಿ ಬಹುಪಾಲು ಜನರ ಕಥೆ ಇದೇ ಆದ್ದರಿಂದ ನಾಚಿಕೆಯೇನೂ ಇಲ್ಲ. ಆದರೆ ಆ ತಿಂಗಳು ತಲೆಯಲ್ಲಿ ಹೊಕ್ಕ ಕೆಲವು ಲೆಕ್ಕಗಳು ಇನ್ನೂ ಹೊರಗೆ ಹೋಗಿಲ್ಲ.

ಎಲ್ಕ್ ನಮ್ಮ ಕಡವೆಯ ದಾಯಾದಿ. ದೊಡ್ಡ ಗಂಡು ಮುನ್ನೂರು ಕಿಲೊ ದಾಟುತ್ತದೆ, ಹೆಣ್ಣು ಇನ್ನೂರರ ಆಚೀಚೆ. ಕೊಲೊರಾಡೊ ರಾಜ್ಯವೊಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಅಮೆರಿಕದ ಇನ್ಯಾವ ರಾಜ್ಯದಲ್ಲೂ ಇಷ್ಟಿಲ್ಲ. ನಾನು ಹೋಗುವುದು ವಾಯವ್ಯದ ಫ್ಲ್ಯಾಟ್ ಟಾಪ್ಸ್ ಕಡೆಗೆ. ಹತ್ತು ಸಾವಿರ ಅಡಿ ಎತ್ತರ, ಮೇಲೆ ಚಪ್ಪಟೆ ಬಯಲು, ಇಳಿಜಾರಿನಲ್ಲಿ ಸ್ಪ್ರೂಸ್ ಮರಗಳ ಕತ್ತಲೆ, ನಡುನಡುವೆ ಹಳದಿಗೆ ತಿರುಗುತ್ತಿರುವ ಆಸ್ಪೆನ್. ಜೀಪು ಹಾಗಿರಲಿ, ಸೈಕಲ್ಲನ್ನೂ ಒಳಗೆ ಬಿಡುವುದಿಲ್ಲ. ನಡೆಯಬೇಕು, ಇಲ್ಲವೇ ಕುದುರೆ ಏರಬೇಕು. ಬಿಲ್ಲಿನ ಸೀಸನ್ ಸೆಪ್ಟೆಂಬರ್ 2ರಿಂದ 30ರವರೆಗೆ. ಅದು ಎಲ್ಕ್ ಬೆದೆಗೆ ಬರುವ ಕಾಲವೂ ಹೌದು. ಬೆಳಗಿನ ಜಾವ ಗಂಡು ಕೂಗುವುದನ್ನು ಮೊದಲ ಸಲ ಕೇಳಿದವರಿಗೆ ಅಷ್ಟು ದೊಡ್ಡ ಪ್ರಾಣಿಯ ಗಂಟಲಿನದು ಅಂತ ನಂಬುವುದೇ ಕಷ್ಟ. ಗೊರ್ರನೆ ಶುರುವಾಗಿ, ಕೀಚಲು ಸಿಳ್ಳೆಯಾಗಿ ಮೇಲೇರಿ, ಕೊನೆಗೆ ಹುಂ ಹುಂ ಎಂದು ಹೊಟ್ಟೆಯಿಂದ ದಬ್ಬಿದ ಹಾಗೆ ಮುಗಿಯುತ್ತದೆ.

ನಮ್ಮ ಅಜ್ಜನ ಕಾಲದ ಬೇಟೆ ಇದಕ್ಕೆ ಪೂರ್ತಿ ಉಲ್ಟಾ. ಇಪ್ಪತ್ತು ಮೂವತ್ತು ಜನ, ಹತ್ತಾರು ನಾಯಿ, ಡಬ್ಬ ಬಡಿದು ಕೇಕೆ ಹಾಕಿ ಹಳು ಸೋವುವುದು, ಅಂದರೆ ಪೊದೆಯಲ್ಲಿ ಅಡಗಿದ ಪ್ರಾಣಿಯನ್ನು ಹೊರಗಟ್ಟುವುದು, ಕಂಡಿಗಳಲ್ಲಿ ಕೋವಿ ಹಿಡಿದು ಕಾಯುವವರು ಬೇರೆ. ಅದೊಂದು ಊರಹಬ್ಬ. ನಾನು ನೋಡಿದ್ದಲ್ಲ, ಮಳೆಗಾಲದ ರಾತ್ರಿ ಒಲೆ ಮುಂದೆ ಕೇಳಿದ್ದು. ನಾನು ಕಣ್ಣಾರೆ ಕಂಡದ್ದು ಆಮೇಲೆ ಬಂದ ಟಾರ್ಚ್ ಷಿಕಾರಿ. ತಲೆಗೆ ಬ್ಯಾಟರಿ ಕಟ್ಟಿಕೊಂಡು ಜೀಪಿನಲ್ಲಿ ಹೊರಡುವುದು, ಕಣ್ಣು ಹೊಳೆದಲ್ಲಿಗೆ ಈಡು ಹೊಡೆಯುವುದು. ಹೊಳೆದದ್ದು ಬಸುರಿಯೋ ಮರಿಯೋ ಯಾರಿಗೆ ಗೊತ್ತು? ಅದನ್ನು ಬೇಟೆ ಅಂತ ಕರೆಯಲು ನನಗೆ ಆಗಲೂ ಮನಸ್ಸಿರಲಿಲ್ಲ.

ಕೊಲೊರಾಡೊದಲ್ಲಿ ನಾಯಿ ಬಿಟ್ಟು ಎಲ್ಕ್ ಅಟ್ಟುವುದು, ರಾತ್ರಿ ಬೆಳಕು ಹಾಯಿಸುವುದು, ಗಾಡಿಯಿಂದ ಹೊಡೆಯುವುದು ಮೂರೂ ಅಪರಾಧ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಅವಕಾಶ. ಬಿಲ್ಲನ್ನು ಎಳೆಯಲು ಕನಿಷ್ಠ 35 ಪೌಂಡ್ ಬಲ ಬೇಕು, ಬಾಣದ ಅಲಗು ಒಂದು ಇಂಚಿನ ಎಂಟನೇ ಏಳು ಭಾಗದಷ್ಟಾದರೂ ಅಗಲ ಇರಬೇಕು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಗತಿಗೆ ಕೂತು ಪರೀಕ್ಷೆ ಪಾಸಾಗದೆ ಸಾಮಾನ್ಯವಾಗಿ ಲೈಸೆನ್ಸ್ ಸಿಗುವುದಿಲ್ಲ. ಪಠ್ಯದಲ್ಲಿ ಹೊಡೆಯುವುದು ಹೇಗೆ ಅನ್ನುವುದಕ್ಕಿಂತ ಯಾವಾಗ ಹೊಡೆಯಬಾರದು ಅನ್ನುವುದೇ ಜಾಸ್ತಿ. ಹೊಡೆದ ಪ್ರಾಣಿಯ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೂ ಕೇಸು ಬೀಳುತ್ತದೆ. ಮಾಂಸ ಮಾರುವ ಹಾಗಿಲ್ಲ, ಪಕ್ಕದ ಮನೆಗೆ ಸುಮ್ಮನೆ ಕೊಟ್ಟರೂ ಯಾರದು, ಎಷ್ಟು ಎಂದು ಚೀಟಿ ಬರೆದುಕೊಡಬೇಕು.

ಕಾನೂನು ಪುಸ್ತಕದಲ್ಲಿದ್ದರೆ ಸಾಕೇ ಅಂತ ಕೇಳಬಹುದು. ನಮ್ಮಲ್ಲೂ ಪುಸ್ತಕ ದಪ್ಪಗೇ ಇದೆ. ವ್ಯತ್ಯಾಸ ಇರುವುದು ಇಲ್ಲಿನ ಬೇಟೆಗಾರರಲ್ಲಿ. ಪಕ್ಕದ ಗುಡಾರದವನು ಕಳ್ಳಬೇಟೆ ಮಾಡಿದ್ದು ಗೊತ್ತಾದರೆ ಮೊದಲು ಫೋನ್ ಮಾಡುವವರು ಬೇಟೆಗಾರರೇ. ಅವರಿಗೆ ಅದು ಸರ್ಕಾರದ ಆಸ್ತಿ ಕದ್ದಂತಲ್ಲ, ತಮ್ಮ ಜೇಬಿಗೇ ಕೈ ಹಾಕಿದಂತೆ.

ಗಾಳಿಯ ವಿಷಯ ಹೇಳದಿದ್ದರೆ ಆಗುವುದಿಲ್ಲ. ಬೆಟ್ಟದಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬೆಳಗ್ಗೆ ಬಿಸಿಲು ತಾಗುವ ಮುನ್ನ ತಂಪು ಗಾಳಿ ಕಣಿವೆಗೆ ಇಳಿಯುತ್ತಿರುತ್ತದೆ, ಬಿಸಿಲೇರಿದ ಮೇಲೆ ಇಳಿಜಾರಿನಗುಂಟ ಹತ್ತತೊಡಗುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಎಲ್ಕ್ ಕಣ್ಣಿಗೆ ಮಣ್ಣೆರಚಬಹುದು, ಹೆಣ್ಣಿನ ದನಿ ಅನುಕರಿಸಿ ಕಿವಿಯನ್ನೂ ನಂಬಿಸಬಹುದು, ಮೂಗಿನ ಮುಂದೆ ಯಾವ ಆಟವೂ ನಡೆಯುವುದಿಲ್ಲ. ಅದಕ್ಕೇ ಜೇಬಿನಲ್ಲಿ ಪುಡಿ ತುಂಬಿದ ಪುಟ್ಟ ಬಾಟಲಿ. ಒತ್ತಿದರೆ ಹೊಗೆಯಂತೆ ಚಿಮ್ಮಿ ಗಾಳಿ ಎತ್ತ ಹೋಗುತ್ತಿದೆ ಎಂದು ತೋರಿಸುತ್ತದೆ. ಒಂದು ಬೆಳಗ್ಗೆ ಕೆಸರುಗುಂಡಿಯಲ್ಲಿ ಹೊರಳಿ ಎದ್ದ ಗಂಡೊಂದು ಮೂವತ್ತು ಗಜದಲ್ಲಿ ನಿಂತಿತ್ತು. ಹೊಟ್ಟೆಯ ಕೂದಲಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು, ವಾಸನೆ ನನ್ನವರೆಗೆ ಬರುತ್ತಿತ್ತು. ಮುಖ ನನ್ನತ್ತಲೇ, ಎದೆಗೆ ಎದುರಾಗಿ. ಹಾಗೆ ನಿಂತದ್ದಕ್ಕೆ ಬಿಲ್ಲಿನವರು ಬಾಣ ಬಿಡುವುದಿಲ್ಲ, ಮೂಳೆಗೆ ಬಡಿದು ಪ್ರಾಣಿ ಗಾಯಗೊಂಡು ಓಡುತ್ತದೆ ಅಷ್ಟೇ. ಅದು ಪಕ್ಕಕ್ಕೆ ತಿರುಗಲಿ ಎಂದು ಕಾಯುತ್ತಿದ್ದಾಗ ಬಿಸಿಲು ಇಳಿಜಾರಿಗೆ ತಾಗಿತು, ಕತ್ತಿನ ಹಿಂದೆ ತಣ್ಣಗಾಯಿತು, ಅಲ್ಲಿಗೆ ಮುಗಿಯಿತು. ಕೋವಿಯಾಗಿದ್ದರೆ ಅದು ಸತ್ತಿರುತ್ತಿತ್ತು. ಆ ಕ್ಷಣಕ್ಕೆ ಕೋವಿ ಇಲ್ಲವಲ್ಲ ಅಂತ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಜೊತೆಗಿದ್ದ ನೆರೆಮನೆಯವರು ಅರವತ್ತು ದಾಟಿದ ನಿವೃತ್ತ ಪ್ಲಂಬರ್. ತಿಂಗಳ ಕೊನೆಯ ವಾರದ ಒಂದು ಸಂಜೆ ಅವರು ಹೆಣ್ಣು ಎಲ್ಕ್ ಒಂದಕ್ಕೆ ಬಾಣ ಬಿಟ್ಟರು. ಅದು ನಾಲ್ಕು ನೆಗೆತ ನೆಗೆದು ಮರಗಳ ಹಿಂದೆ ಮರೆಯಾಯಿತು. ನಾನು ಎದ್ದು ನಿಂತಾಗ ತೋಳು ಹಿಡಿದು ಕೂರಿಸಿದರು. ಬಾಣ ಗುಂಡಿನ ಹಾಗೆ ಬಡಿದು ಕೆಡಹುವುದಿಲ್ಲ, ರಕ್ತ ಹರಿಸಿ ಕೊಲ್ಲುತ್ತದೆ. ತಕ್ಷಣ ಬೆನ್ನಟ್ಟಿದರೆ ಗಾಬರಿಯಲ್ಲಿ ಮೈಲುಗಟ್ಟಲೆ ಓಡುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಆಚೆ ಬದಿಗೆ ತೂರಿ ಬಿದ್ದ ಬಾಣವನ್ನು ಹುಡುಕಿ ತಂದು ಹೆಬ್ಬೆರಳಿಗೆ ರಕ್ತ ಒರೆಸಿಕೊಂಡು ನೋಡಿದರು. ಗುಲಾಬಿ ಬಣ್ಣ, ಸಣ್ಣ ಗುಳ್ಳೆಗಳ ನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಡುಗೆಂಪಾದರೆ ಲಿವರ್, ಮೂರು ನಾಲ್ಕು ಗಂಟೆ. ಹಸಿರು ಬೆರೆತು ನಾತ ಹೊಡೆದರೆ ಹೊಟ್ಟೆ, ಆಗ ರಾತ್ರಿಯಿಡೀ ಕಾಯಬೇಕು. ಇವರದು ಗುಲಾಬಿ. ಆದರೂ ಗಡಿಯಾರ ನೋಡಿಕೊಂಡು ಕೂತರು. ಆಮೇಲೆ ಟಾರ್ಚು ಹಿಡಿದು ಒಂದು ಎಲೆಯಿಂದ ಇನ್ನೊಂದು ಎಲೆಗೆ ಹನಿ ಹುಡುಕುತ್ತ ಹೋದೆವು. ನೂರು ಗಜದೊಳಗೆ, ಬಿದ್ದ ಮರವೊಂದರ ಪಕ್ಕ ಮಲಗಿತ್ತು.

ಹೊಟ್ಟೆ ಬಗೆಯದೆಯೇ ಕಾಲುಗಳನ್ನೂ ಬೆನ್ನಿನ ಮಾಂಸವನ್ನೂ ಬಿಡಿಸಿ ಬಟ್ಟೆಚೀಲಕ್ಕೆ ತುಂಬಿ, ತಣ್ಣಗಾಗಲು ಸ್ಪ್ರೂಸ್ ಕೊಂಬೆಗೆ ನೇತುಹಾಕಿ, ಬೆನ್ನ ಮೇಲೆ ಹೊತ್ತು ಸರದಿಯಲ್ಲಿ ಸಾಗಿಸಿದ್ದು ಇನ್ನೊಂದು ಕಥೆ. ಮಂಡಿ ಇನ್ನೂ ನೆನಪಿಟ್ಟುಕೊಂಡಿದೆ.

ಇಲ್ಲಿ ನನಗೆ ನಮ್ಮೂರಿನದೇ ಮೇಲು ಅನ್ನಿಸಿದ ಒಂದು ಸಂಗತಿ ಇದೆ. ಸೋವಿನ ಬೇಟೆಯಲ್ಲಿ ಮಾಂಸಕ್ಕೆ ಪಾಲು ಇರುತ್ತಿತ್ತು. ಈಡು ಹೊಡೆದವನಿಗೆ ಒಂದಿಷ್ಟು ಹೆಚ್ಚು, ಉಳಿದದ್ದು ಹಳು ನುಗ್ಗಿದ ಆಳಿನವರೆಗೂ ಸಮ, ನಾಯಿಗೂ ಒಂದು ಪಾಲು. ಆ ಪಾಲಿನಲ್ಲೂ ಜಾತಿಯ ಮೇಲುಕೀಳು ಇಣುಕುತ್ತಿತ್ತು ಎಂಬುದನ್ನು ಮರೆಸಿ ಹೊಗಳುವವನಲ್ಲ ನಾನು. ಆದರೂ ಒಂದು ಪ್ರಾಣಿ ಸತ್ತರೆ ಒಂದು ಕೇರಿ ಉಣ್ಣುತ್ತಿತ್ತು. ಇಲ್ಲಿ ಟ್ಯಾಗ್, ಅಂದರೆ ಆ ಪ್ರಾಣಿಯನ್ನು ಹೊಡೆಯುವ ಪರವಾನಗಿ, ಯಾರ ಹೆಸರಿನಲ್ಲಿದೆಯೋ ಮಾಂಸ ಅವರದು. ತಾರೀಕು ಬರೆದ ಪೊಟ್ಟಣಗಳಾಗಿ ಒಬ್ಬನ ಫ್ರೀಜರಿನಲ್ಲಿ ವರ್ಷವಿಡೀ ಕೂರುತ್ತದೆ. ನೆರೆಯವರು ದೊಡ್ಡ ಮನಸ್ಸಿನಿಂದ ಒಂದು ಹಿಂಗಾಲನ್ನು, ಜೊತೆಗೆ ಚೀಟಿಯನ್ನೂ ಕೊಟ್ಟರು. ಮಡಿಕೇರಿಯಿಂದ ತಂದಿಟ್ಟಿದ್ದ ಕಾಚಂಪುಳಿಯ ಹುಳಿ ಹಾಕಿ ಕೊಡಗಿನ ಹಂದಿಮಾಂಸದ ಪಂದಿ ಕರಿಯ ದಾರಿಯಲ್ಲೇ ಮಾಡಿದೆವು. ಎಲ್ಕ್ ಮಾಂಸದಲ್ಲಿ ಕೊಬ್ಬೇ ಇಲ್ಲ, ಎಣ್ಣೆ ಧಾರಾಳವಾಗಿ ಹೊಯ್ಯಬೇಕಾಯಿತು.

ಇನ್ನು ದುಡ್ಡಿನ ಮಾತು. ನನ್ನ ಮಟ್ಟಿಗೆ ಇಡೀ ಸೀಸನ್ನಿನ ಪಾಠ ಇದರಲ್ಲೇ ಇದೆ. ಇಪ್ಪತ್ತನೇ ಶತಮಾನದ ಮೊದಲ ಹೊತ್ತಿಗೆ ಪೇಟೆಗೆ ಮಾಂಸ ಮಾರುವ ಬೇಟೆಯಿಂದ ಕೊಲೊರಾಡೊದ ಎಲ್ಕ್ ಬಹುತೇಕ ನಿರ್ನಾಮವಾಗಿತ್ತು. ಪಕ್ಕದ ವಯೋಮಿಂಗ್‌ನಿಂದ ಹಿಡಿದು ತಂದು ಬಿಟ್ಟು ಬೆಳೆಸಿದರು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ತೋಟಾಗಳ ಮೇಲಿನ ತೆರಿಗೆ ಬೇರೆಲ್ಲಿಗೂ ಹೋಗದೆ ವನ್ಯಜೀವಿಗೇ ಹೋಗಬೇಕು ಎಂದಿತು. ಆ ತೆರಿಗೆ ಬೇಕು ಎಂದವರಲ್ಲಿ ಬೇಟೆಗಾರರೇ ಮುಂದಿದ್ದರು. 1972ರಲ್ಲಿ ಬಿಲ್ಲುಬಾಣಗಳನ್ನೂ ಅದಕ್ಕೆ ಸೇರಿಸಿದರು. ನಾನು ಬಿಲ್ಲು ಕೊಂಡಾಗ ಅದರ ಬೆಲೆಯೊಳಗೆ ಶೇಕಡ 11ರ ಆ ತೆರಿಗೆಯೂ ಸೇರಿತ್ತು. ಎಲ್ಕ್ ಮಂದೆ ನುಗ್ಗಿ ರೈತನ ಹುಲ್ಲಿನ ಬಣವೆ ತಿಂದರೆ ರಾಜ್ಯ ಕೊಡುವ ಪರಿಹಾರಕ್ಕೂ ಬೇಟೆಗಾರರ ಲೈಸೆನ್ಸ್ ದುಡ್ಡೇ ಆಧಾರ.

ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯೊಂದಿಗೆ ಬೇಟೆಯ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಒಂದೇ ವರ್ಷ, ಅಲ್ಲಿ ಬಾಗಿಲು ಹಾಕತೊಡಗಿದರು, ಇಲ್ಲಿ ಬಾಗಿಲಲ್ಲಿ ಸುಂಕದವರನ್ನು ಕೂರಿಸಿದರು. ಇದನ್ನು ಕೇಳಿದ ಕೂಡಲೇ ನಮ್ಮ ಕೆಲವು ತೋಟದ ಗೆಳೆಯರು, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆದು ಸಮಾಧಾನಪಟ್ಟುಕೊಳ್ಳುವವರು, "ನೋಡು, ನಾವೂ ಲೈಸೆನ್ಸ್ ಕೊಟ್ಟು ಬೇಟೆ ಶುರು ಮಾಡಬೇಕು" ಅಂತಾರೆ. ನಾನು ಒಪ್ಪುವುದಿಲ್ಲ.

ನಾಗರಹೊಳೆ ರಾಷ್ಟ್ರೀಯ ಉದ್ಯಾನ 643 ಚದರ ಕಿಲೊಮೀಟರ್. ಫ್ಲ್ಯಾಟ್ ಟಾಪ್ಸ್‌ನ ಬಹುಭಾಗ ಸೇರಿರುವ ವೈಟ್ ರಿವರ್ ಅರಣ್ಯವೊಂದೇ ಒಂಬತ್ತು ಸಾವಿರ ಚದರ ಕಿಲೊಮೀಟರಿಗೂ ಹೆಚ್ಚು. ಮೇಲಾಗಿ ನಮ್ಮ ಕಡವೆ, ಜಿಂಕೆಗಳಿಗೆ ಹುಲಿ, ಚಿರತೆ, ಕಾಡುನಾಯಿ ಮೂವರು ಹಕ್ಕುದಾರರು ಈಗಲೇ ಕಾದು ಕೂತಿದ್ದಾರೆ. ಕೊಲೊರಾಡೊದವರು ತೋಳಗಳನ್ನು ಕಳೆದ ಶತಮಾನದ ನಡುವೆಯೇ ಮುಗಿಸಿದರು. 2020ರಲ್ಲಿ ಜನಮತ ಕೂದಲೆಳೆಯಲ್ಲಿ ಗೆದ್ದ ಮೇಲೆ 2023ರ ಡಿಸೆಂಬರಿನಲ್ಲಿ ಆರೆಗನ್‌ನಿಂದ ಹತ್ತು ತೋಳ ತಂದು ಬಿಟ್ಟರು, ದನ ಸಾಕುವವರ ಜಗಳ ಇನ್ನೂ ನಿಂತಿಲ್ಲ. ತೋಳದ ಖಾಲಿ ಕುರ್ಚಿಯಲ್ಲಿ ಇಲ್ಲಿ ಮನುಷ್ಯ ಕೂತಿದ್ದಾನೆ. ನಮ್ಮಲ್ಲಿ ಆ ಕುರ್ಚಿ ಖಾಲಿ ಇಲ್ಲ.

ಅಮೆರಿಕದ ಈ ವ್ಯವಸ್ಥೆ ಶುದ್ಧ ಹಸ್ತದ್ದೂ ಅಲ್ಲ. ನಾನು ಗುಡಾರ ಹಾಕುವ ವೈಟ್ ರಿವರ್ ಪ್ರದೇಶ ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರ ಬೇಟೆನೆಲ. 1879ರ ಸಂಘರ್ಷದ ನಂತರ ಅವರನ್ನು ಯೂಟಾ ಕಡೆಗೆ ಅಟ್ಟಿದರು. ಆಮೇಲೆ ಅದು ಎಲ್ಲರ ಕಾಡಾಯಿತು. ಜೇನುಕುರುಬರನ್ನು ನಾಗರಹೊಳೆಯಿಂದ ಎಬ್ಬಿಸಿದ ನಾವು ಇದರ ಬಗ್ಗೆ ಬೆರಳು ತೋರಿಸುವ ಹಾಗೇನೂ ಇಲ್ಲ.

ಬೇಟೆ ಬೇಡ, ಸುಂಕ ಬೇಕು ಅನ್ನುವುದು ನನ್ನ ವಾದ. ಈಗ ನಮ್ಮ ಕಾಡಂಚಿನಲ್ಲಿ ಬೇಟೆ ನಿಂತಿಲ್ಲ, ತಂತಿಯ ಉರುಳಾಗಿ ಉಳಿದಿದೆ. ಹಂದಿಗೆಂದು ಬೇಲಿಗೆ ಕಟ್ಟಿದ ಬ್ರೇಕ್ ವೈರಿಗೆ ಹುಲಿ, ಚಿರತೆ ಸಿಕ್ಕಿ ನರಳುತ್ತವೆ. ಕಟ್ಟಿದವನನ್ನು ಬೈಯುವುದು ಸುಲಭ, ಆದರೆ ಒಂದೇ ರಾತ್ರಿಗೆ ಗದ್ದೆ ಕಳೆದುಕೊಂಡು ಪರಿಹಾರಕ್ಕೆ ಕಚೇರಿ ಅಲೆಯುವವನು ಅವನೇ. ಕಾಡಿನ ಸುಖ ಉಣ್ಣುವವರು ಬೇರೆ. ಕಬಿನಿಯ ದಂಡೆಯ ರೆಸಾರ್ಟಿನಲ್ಲಿ ಉಳಿದು, ಲಕ್ಷಗಟ್ಟಲೆ ಬೆಲೆಯ ಲೆನ್ಸಿನಲ್ಲಿ ಹುಲಿಯ ಮೀಸೆ ಎಣಿಸುವ ಬೆಂಗಳೂರಿನವರು, ರಜೆಗೆ ಬಂದಾಗ ನನ್ನಂಥ ಹೊರನಾಡಿನವರು. ಬಿಲ್ಲಿಗೆ ಹಾಕಿದಂಥ ತೆರಿಗೆಯನ್ನು ಆ ಲೆನ್ಸಿಗೂ ಬೈನಾಕ್ಯುಲರ್‌ಗೂ ಕಾಡಂಚಿನ ರೆಸಾರ್ಟ್ ಕೋಣೆಗೂ ಹಾಕಲಿ. ಖಜಾನೆಯ ಸಾಮಾನ್ಯ ಲೆಕ್ಕಕ್ಕೆ ಬೆರೆಸದೆ, ಉರುಳು ಕಿತ್ತು ತರುವ ವಾಚರ್‌ಗಳ ಸಂಬಳಕ್ಕೂ ಬೆಳೆ ಪರಿಹಾರಕ್ಕೂ ಮಾತ್ರ ಕೊಡಲಿ. ಸಫಾರಿ ಟಿಕೆಟ್ ಇದೆಯಲ್ಲ ಅಂತೀರಿ. ಅದು ಕಾಡಿನೊಳಗೆ ಹೋದ ದಿನದ ಬಾಡಿಗೆ ಮಾತ್ರ. 1937ರಲ್ಲಿ ಇಲ್ಲಿನ ಬೇಟೆಗಾರರು ತಮ್ಮ ಮೇಲೆ ತಾವೇ ತೆರಿಗೆ ಕೇಳಿದರು. ನಮ್ಮ ವನ್ಯಜೀವಿ ಛಾಯಾಗ್ರಾಹಕರ ಒಂದು ಸಂಘವಾದರೂ ಅಂಥದ್ದೊಂದು ಅರ್ಜಿಗೆ ಸಹಿ ಹಾಕಲಿ, ಮುಂದಿನ ಸಲ ಊರಿಗೆ ಬರುವಾಗ ನನ್ನ ಲೆನ್ಸಿನ ರಸೀದಿಯನ್ನೂ ಜೊತೆಗೇ ತರುತ್ತೇನೆ.