ಮೈನಸ್ ಹತ್ತೂವರೆ ಮೊಲ

ಎಕ್ಸ್, ವೈ ಇರುವ ಎರಡು ಸಮೀಕರಣ ಕೊಟ್ಟರೆ ನನ್ನ ಮಗಳು ಸುಮ್ನೆ ಕೂತು ಬಿಡಿಸುತ್ತಾಳೆ. ಅದನ್ನೇ ಕಥೆ ಮಾಡಿ ಕೊಟ್ಟರೆ ಮುಗೀತು, "ಅಪ್ಪಾ" ಅಂತ ಕೂಗು ಬರುತ್ತದೆ. ಆ ಕಥೆಗಳಲ್ಲಿ ಬರುವವರೂ ವಿಚಿತ್ರ ಜನ ಬಿಡಿ. ವಯಸ್ಸೆಷ್ಟು ಅಂದರೆ "ಈಗ ಮಗನ ಮೂರರಷ್ಟು, 12 ವರ್ಷ ಆದ ಮೇಲೆ ಎರಡರಷ್ಟು" ಅಂತಾರೆ. 36 ಅನ್ನೋಕೆ ಇಷ್ಟು ಸುತ್ತಬೇಕಾ?

ಮೊನ್ನೆ ಬಂದಿದ್ದು ಚೀನಾದ ಹಳೇ ಲೆಕ್ಕ. ಪಂಜರದಲ್ಲಿ ಹಕ್ಕಿಗಳೂ ಮೊಲಗಳೂ ಇವೆ. ತಲೆ 35, ಕಾಲು 94. ಯಾವುದು ಎಷ್ಟು? (ತಲೆ ಎಣಿಸಿದವನಿಗೆ ಕಿವಿ ಕಾಣಲಿಲ್ವಾ ಅಂತ ಕೇಳಬಾರದು.) ಮಗಳು ಹಕ್ಕಿಗೆ ಎಕ್ಸ್, ಮೊಲಕ್ಕೆ ವೈ ಇಟ್ಟು ಚಕಚಕ ಬಿಡಿಸಿದಳು. ಹಕ್ಕಿ ನಲವತ್ತೈದೂವರೆ, ಮೊಲ ಮೈನಸ್ ಹತ್ತೂವರೆ.

"ಮೈನಸ್ ಮೊಲ ಅಂದ್ರೆ ಏನೇ?"

"ಸಾಲ ಅಪ್ಪ. ಯಾರಿಗೋ ಹತ್ತೂವರೆ ಮೊಲ ವಾಪಸ್ ಕೊಡಬೇಕು. ತಾಳೆ ನೋಡಿದೆ, ಎರಡೂ ಸಮೀಕರಣ ಸರಿಹೋಗುತ್ತೆ."

ನೋಡಿದರೆ ನಿಜವಾಗಿಯೂ ಸರಿಹೋಗುತ್ತಿತ್ತು! ನಾವಿಬ್ಬರೂ ಆ ಅರ್ಧ ಮೊಲದ ಬಗ್ಗೆ ಯೋಚಿಸುತ್ತಿರುವಾಗ ಹೆಂಡತಿ ಇಣುಕಿ ನೋಡಿ, 35 ತಲೆ ಇದ್ದ ಮೇಲೆ ಕಡಿಮೆ ಅಂದರೂ 70 ಕಾಲು ಇರಬೇಕಲ್ವಾ, ನಿಮ್ಮ ಪಂಜರದಲ್ಲಿ ಬರೀ 49 ಇದೆಯಲ್ಲ ಅಂದಳು. ಮಗಳು 94ನ್ನು ತಿರುಗಿಸಿ ಬರೆದುಕೊಂಡಿದ್ದಳು.

ಸರಿ, ಇದನ್ನು ಸಮೀಕರಣವೇ ಇಲ್ಲದೆ ಬಿಡಿಸೋಣ ಅಂತ ಶುರು ಮಾಡಿದೆ. ಪಂಜರದಲ್ಲಿ ಇರುವವರೆಲ್ಲ ಎರಡೆರಡು ಕಾಲು ಎತ್ತಬೇಕು ಅಂತ ಆರ್ಡರ್ ಮಾಡುವುದು. ಹಕ್ಕಿಗಳು ಧೊಪ್ಪನೆ ಕೂತುಬಿಡುತ್ತವೆ. 70 ಕಾಲು ಮೇಲೆ ಹೋಯಿತು, ನೆಲದ ಮೇಲೆ 24 ಉಳಿಯಿತು, ಅವೆಲ್ಲ ಮೊಲದ್ದೇ, ಅಂದರೆ 12 ಮೊಲ, 23 ಹಕ್ಕಿ. ಪುಸ್ತಕದ ವರ್ಜಿಸುವ ವಿಧಾನ, ಅಂದರೆ ಎಕ್ಸ್, ವೈಗಳಲ್ಲಿ ಒಂದನ್ನು ಹೊರಗೆ ಹಾಕುವುದು ಅಂದರೂ ಇದೇ. ತಲೆಗಳ ಸಮೀಕರಣವನ್ನು (ಎಕ್ಸ್ + ವೈ = 35) 2ರಿಂದ ಗುಣಿಸಿ ಕಾಲುಗಳದ್ದರಿಂದ (2ಎಕ್ಸ್ + 4ವೈ = 94) ಕಳೆದರೆ ಹಕ್ಕಿಗಳು ಮಾಯ. ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಮಗಳಿಗೆ ಚೆನ್ನಾಗಿ ಅರ್ಥವಾಗಲಿ ಅಂತ ನಾನೇ ಮೊಲವಾಗಿ ನಾಲ್ಕು ಕಾಲಲ್ಲಿ ನಿಂತು ಮುಂದಿನ ಎರಡನ್ನು ಎತ್ತಿದೆ. ಸೊಂಟ ಹಿಡಿದುಕೊಂಡಿತು.

ಮಲಗಿದ್ದವನ ಪಕ್ಕ ಕೂತು ಮಗಳು ತಾನೇ ಒಂದು ಲೆಕ್ಕ ಹೊಸೆದಳು. "ಅಪ್ಪನಿಗೆ ಮಗಳಿಗಿಂತ 30 ವರ್ಷ ಜಾಸ್ತಿ. 10 ವರ್ಷ ಆದ ಮೇಲೂ 30 ವರ್ಷ ಜಾಸ್ತಿ. ಇಬ್ಬರ ವಯಸ್ಸೆಷ್ಟು?" ಮಲಗಿದಲ್ಲೇ ಕೂಡಿಸಿದೆ, ಕಳೆದೆ, ಎಲ್ಲ ಹೊಡೆದುಹೋಗಿ ಸೊನ್ನೆ ಸಮ ಸೊನ್ನೆ ಅಂತ ಬಂತು.

"ಎರಡೂ ಒಂದೇ ಸಮೀಕರಣ ಕಣಪ್ಪ. 30 ವ್ಯತ್ಯಾಸ ಇದ್ದರೆ ಯಾವ ವಯಸ್ಸು ಹಾಕಿದರೂ ಸರಿ."

ಹಾಗಾದರೆ ನನಗೆ 31 ಅಂತ ಬರೆದುಕೋ ಅಂದೆ.

"ಆಗ ನನಗೆ 1 ವರ್ಷ. 1 ವರ್ಷದ ಮಗುವಿಗೆ ಹೋಮ್‌ವರ್ಕ್ ಇರಲ್ಲ" ಅಂತ ಪುಸ್ತಕ ಮುಚ್ಚಿ ಆಟಕ್ಕೆ ಓಡಿದಳು.