ಅರ್ಧ ಮಿಲಿಮೀಟರ್ ಸೈಟಿನ ವ್ಯಾಜ್ಯ

ಸೈಟು ಎಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಗಡಿಕಲ್ಲು, ಬೇಲಿ, ಪಕ್ಕದವರ ಜೊತೆ ಜಗಳ. ಸಿಂಗಲ್ ಆಕ್ಷನ್ ರಿವಾಲ್ವರಿನ (ಪ್ರತಿ ಈಡಿಗೂ ಹ್ಯಾಮರನ್ನು, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು, ಕೈಯಿಂದಲೇ ಹಿಂದೆಳೆಯಬೇಕಾದದ್ದು) ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ನಿಂತಿರುವ ಮುಂದಿನ ಸೈಟು ಸುಮಾರು ಮೂರು ಮಿಲಿಮೀಟರ್ ದಪ್ಪದ ಒಂದು ತುಂಡು ಉಕ್ಕು, ಅಷ್ಟೇ. ಆದರೆ ವ್ಯಾಜ್ಯದಲ್ಲಿ ಆ ಸೈಟಿಗಿಂತ ಇದೇನೂ ಕಡಿಮೆಯಲ್ಲ. ಗುಂಡು ಗುರಿ ತಪ್ಪಿದರೆ ಅದನ್ನು ಉಜ್ಜಿ ಸವೆಸಬೇಕು, ಇಲ್ಲವೇ ಬದಲಿಸಬೇಕು. ಇಲ್ಲಿಯೂ ಎಲ್ಲ ತಕರಾರು ಒತ್ತುವರಿಯದೇ. ಅಳತೆ ಮಾತ್ರ ಅರ್ಧ ಮಿಲಿಮೀಟರ್.

ಮೊದಲು ಆರೋಪಿ ಸೈಟೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಗುರಿ ಇಡುವವರಿಗೂ ಸಲ್ಲುತ್ತದೆ. ಬಲಗೈಯವರು ಟ್ರಿಗರನ್ನು ಜಗ್ಗಿ ಎಳೆದರೆ ಗುಂಡು ಕೆಳಗೆ ಎಡಕ್ಕೆ ಬೀಳುತ್ತದೆ. ಆ ಚಟವನ್ನು ಅರ ಹಾಕಿ ಸರಿಪಡಿಸಲು ಹೊರಟರೆ ಸೈಟು ಸವೆಯುತ್ತದೆ, ಚಟ ಹಾಗೇ ಉಳಿಯುತ್ತದೆ. ಮರಳಿನ ಚೀಲದ ಮೇಲೆ ಕೈ ಊರಿ ಐದು ಈಡು ಹೊಡೆಯಿರಿ, ಇನ್ನೊಬ್ಬರಿಂದಲೂ ಐದು ಹೊಡೆಸಿ. ಇಬ್ಬರ ಗುಂಡುಗಳೂ ಒಂದೇ ಕಡೆ ತಪ್ಪಿದರೆ ಮಾತ್ರ ಸೈಟಿನ ಮೇಲೆ ಕೇಸು ಹಾಕಬಹುದು. ಹಿಂದಿನ ಸೈಟಿಗೆ ಸ್ಕ್ರೂ ಇರುವ ರಿವಾಲ್ವರ್ ಆದರೆ (1955ರಲ್ಲಿ ಬಂದ ರೂಗರ್ ಬ್ಲಾಕ್‌ಹಾಕ್ ಅಂಥದ್ದು) ಮೊದಲು ಆ ಸ್ಕ್ರೂ ತಿರುಗಿಸಿ ನೋಡಿ. ಹೊಸ ಸೈಟು ತರಿಸಿದ ಮೇಲೆ ಆ ಸ್ಕ್ರೂ ನೆನಪಾಗುವವರ ಸಂಖ್ಯೆ ಕಡಿಮೆಯಿಲ್ಲ. 1873ರ ಕೋಲ್ಟ್ ಮಾದರಿಯಲ್ಲಿ ಆ ಸೌಲಭ್ಯವೂ ಇಲ್ಲ. ಹಿಂದಿನ ಸೈಟು ಎಂದರೆ ಫ್ರೇಮಿನ ನೆತ್ತಿಯಲ್ಲಿ ಕೊರೆದ ಒಂದು ಗಾಡಿ, ಅಂದರೆ ಉದ್ದನೆಯ ತೋಡು. ಹಾಗಾಗಿ ಎಲ್ಲ ಏಟೂ ಮುಂದಿನದಕ್ಕೇ.

ಈ ಕೆಲಸದಲ್ಲಿ ತಲೆ ಕೆಡಿಸುವುದು ದಿಕ್ಕು. ಹಿಂದಿನ ಸೈಟು ಹೇಳಿದ ಮಾತು ಕೇಳುತ್ತದೆ: ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಿದರಾಯಿತು. ಮುಂದಿನದು ತಿರುಗುಮುರುಗು. ಗುಂಡು ಎತ್ತ ತಪ್ಪುತ್ತಿದೆಯೋ ಇದನ್ನೂ ಅತ್ತಲೇ ಒಯ್ಯಬೇಕು, ಅಂದರೆ ತಪ್ಪು ಮಾಡಿದವನ ಪಕ್ಷವನ್ನೇ ವಹಿಸಬೇಕು. ಎಡಕ್ಕೆ ತಪ್ಪಿದರೆ ಎಡಕ್ಕೆ. ಕೆಳಗೆ ಬಿದ್ದರೆ ಸೈಟಿನ ಎತ್ತರ ಇಳಿಸಬೇಕು, ಮೇಲೆ ಬಿದ್ದರೆ ಏರಿಸಬೇಕು. ಇಳಿಸುವುದಕ್ಕೆ ಅರ ಇದೆ. ಏರಿಸುವ ಅರವನ್ನು ಇನ್ನೂ ಯಾರೂ ಮಾಡಿಲ್ಲ. ಗುಂಡು ಮೇಲೆ ಬೀಳುತ್ತಿದ್ದಾಗ ಭರದಲ್ಲಿ ಸೈಟನ್ನು ಉಜ್ಜಿ ಇನ್ನೂ ಮೇಲೆ ಹತ್ತಿಸಿಕೊಂಡವರೇ ಮುಂದೆ ಹೊಸ ಸೈಟಿನ ಗಿರಾಕಿಗಳಾಗುತ್ತಾರೆ.

ಲೆಕ್ಕ ಸುಲಭ. ಎಷ್ಟು ತಪ್ಪುತ್ತಿದೆಯೋ ಅದನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಸೈಟುಗಳ ನಡುವೆ 165 ಮಿಲಿಮೀಟರ್, ಗುರಿ 25 ಮೀಟರ್ ದೂರ, ಗುಂಡು 50 ಮಿಲಿಮೀಟರ್ ಮೇಲೆ ಎಂದಿಟ್ಟುಕೊಳ್ಳಿ. ಬೇಕಾದ ಹೆಚ್ಚುವರಿ ಎತ್ತರ 0.33 ಮಿಲಿಮೀಟರ್, ಬರೆಯುವ ಕಾಗದದ ಮೂರು ಹಾಳೆಯಷ್ಟು. ಕಣ್ಣಂದಾಜಿನಲ್ಲಿ ಮಾಡುವ ಕೆಲಸವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊಸ ಸೈಟು ತರಿಸುವಾಗ ಲೆಕ್ಕಕ್ಕಿಂತ ಒಂದು ಮಿಲಿಮೀಟರ್ ಎತ್ತರದ್ದನ್ನೇ ತರಿಸಿ.

ಇನ್ನು ಬಿಚ್ಚುವ ಮುನ್ನ ಖಾಲಿ ಮಾಡುವುದು. ಕೋಲ್ಟ್ ಮಾದರಿಯಲ್ಲಿ ಹ್ಯಾಮರನ್ನು ಅರ್ಧಕ್ಕೆ ಎಳೆದು, ಪಕ್ಕದ ಗೇಟು ತೆರೆದು, ಸಿಲಿಂಡರ್ ತಿರುಗಿಸುತ್ತ ತೋಟಾ ಕೂರುವ ಆರೂ ಕೋಣೆ ನೋಡಬೇಕು. 1973ರ ನಂತರದ ರೂಗರ್‌ಗಳಲ್ಲಿ ಹ್ಯಾಮರ್ ಮುಟ್ಟುವಂತಿಲ್ಲ, ಗೇಟು ತೆರೆದರೆ ಸಾಕು. ಹಳೆಯ ಮಾದರಿಗಳಲ್ಲಿ ಹ್ಯಾಮರಿನ ಕೆಳಗಿನ ಕೋಣೆಯನ್ನು ಖಾಲಿ ಬಿಟ್ಟು ಐದೇ ತೋಟಾ ತುಂಬುವುದು ಕ್ರಮ. ಆದ್ದರಿಂದ ಒಂದು ಕೋಣೆ ಖಾಲಿ ಕಂಡಿತೆಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಆರನ್ನೂ ಎಣಿಸಿ, ನಡುವಿನ ಪಿನ್ನು ಎಳೆದು, ಸಿಲಿಂಡರನ್ನು ಹೊರತೆಗೆದು ಪಕ್ಕಕ್ಕಿಡಿ. ತೋಟಾ ಮನೆಯ ಬೇರೆ ಕೋಣೆಯಲ್ಲಿರಲಿ.

ಸೈಟು ನಳಿಗೆಗೆ ಹೇಗೆ ಅಂಟಿದೆ ಎಂಬುದರ ಮೇಲೆ ನಿಮ್ಮ ಭಾನುವಾರದ ಹಣೆಬರಹ ನಿಂತಿದೆ. ಬೆಸುಗೆಯದ್ದಾದರೆ ಮಾತು ಮುಗಿಯಿತು, ಬಲ್ಲವರ ಕೈಗೆ ಕೊಡಿ. ಬೆಳ್ಳಿ ಬೆಸುಗೆ ಕರಗಲು 600 ಡಿಗ್ರಿ ದಾಟಬೇಕು, ಅಷ್ಟರಲ್ಲಿ ನಳಿಗೆಯ ಕಪ್ಪು ಬಣ್ಣ ಕಾಮನಬಿಲ್ಲಾಗಿರುತ್ತದೆ. ಸ್ಕ್ರೂ ಇದ್ದರೆ ತಲೆಗೆ ಸರಿಹೊಂದುವ ಸ್ಕ್ರೂಡ್ರೈವರ್ ಬೇಕು, ಹೊಸ ಸ್ಕ್ರೂ ಹಳೆಯದಕ್ಕಿಂತ ಒಂದು ಎಳೆಯೂ ಉದ್ದ ಇರಕೂಡದು. ನಳಿಗೆಯೊಳಗೆ ಮೂಗು ತೂರಿಸಿದ ಸ್ಕ್ರೂವಿನ ಜೊತೆ ಗುಂಡು ರಾಜಿ ಮಾಡಿಕೊಳ್ಳುವುದಿಲ್ಲ. ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ನೀಲಿಯದ್ದೇ ಇರಲಿ. ಕೆಂಪನ್ನು ಹಾಕಿದವರು ಮುಂದಿನ ಸಲ ಬೆಂಕಿ ಹಿಡಿದು ಬರಬೇಕಾಗುತ್ತದೆ.

ಪಿನ್ನಿನದು ಮೇಲ್ನೋಟಕ್ಕೆ ಸಾಧು. ಆದರೆ ಪಿನ್ನಿನ ತುದಿಯ ಮೇಲೆಯೂ ಕಪ್ಪು ಬಣ್ಣ ಕೂತು ಅದು ಎಲ್ಲಿದೆ ಎಂಬುದೇ ಕಾಣದು, ಭೂತಗನ್ನಡಿ ಬೇಕು. ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಹಾಕಿ ರಾತ್ರಿಯಿಡೀ ಬಿಡಿ. ನಳಿಗೆಗೆ ಚರ್ಮ ಸುತ್ತಿ ವಿ ಆಕಾರದ ದಿಮ್ಮಿಯ ಮೇಲೆ ಮಲಗಿಸಿ. ಮೊದಲು ಗಿಡ್ಡ ಪಂಚಿನಿಂದ (ಸುತ್ತಿಗೆಯ ಏಟನ್ನು ಪಿನ್ನಿಗೆ ದಾಟಿಸುವ ಕಡ್ಡಿ) ಪಿನ್ನನ್ನು ಕದಲಿಸಿ, ಆಮೇಲೆ ಉದ್ದದ್ದು. ಶುರುವಿಗೇ ಉದ್ದದ್ದನ್ನು ಹಿಡಿದರೆ ಪಿನ್ನು ಅಲ್ಲೇ ಇರುತ್ತದೆ, ಪಂಚು ಬಾಗುತ್ತದೆ. ಅಳತೆ ಸಾಮಾನ್ಯವಾಗಿ 1.6 ಮಿಲಿಮೀಟರ್, ಅಳೆದೇ ಆರಿಸಿ. ಏಳು ಏಟಿಗೂ ಅಲುಗದ ಪಿನ್ನು ಎಂಟನೆಯದಕ್ಕೆ ಹಾರುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸದವರು ಮುಂದಿನ ಒಂದು ಗಂಟೆ ನೆಲ ಸವರುತ್ತ ಕಳೆಯುತ್ತಾರೆ. ಹೊಸ ಸೈಟಿಗೆ ತೂತೇ ಇಲ್ಲದಿರಬಹುದು. ಅದನ್ನು ಗಾಡಿಯೊಳಗೆ ತಳದವರೆಗೆ ಒತ್ತಿ ಹಿಡಿದು ಹಳೆಯ ತೂತಿನ ಮೂಲಕವೇ ಕೊರೆಯಬೇಕು. ಬೇರೆಯಾಗಿಟ್ಟು ಅಳತೆ ಮಾಡಿ ಕೊರೆದರೆ ಎರಡು ತೂತುಗಳು ಒಂದನ್ನೊಂದು ಭೇಟಿಯಾಗುವುದೇ ಇಲ್ಲ.

ಡವ್‌ಟೇಲ್ ಗಾಡಿಯಲ್ಲಿ (ಬಾಯಿ ಕಿರಿದು, ತಳ ಅಗಲ ಇರುವ ಅಡ್ಡ ತೋಡು) ಕೂತ ಸೈಟಿಗೆ ಒಂದು ಸಂಪ್ರದಾಯವಿದೆ: ಎಡದಿಂದ ಬಲಕ್ಕೆ ಹೊರಡಿಸಿ, ಬಲದಿಂದ ಎಡಕ್ಕೆ ಕೂರಿಸಬೇಕು. ಹಿತ್ತಾಳೆಯ ಪಂಚೇ ಬೇಕು. ಹೊಸದು ಬೇಕೆಂದೇ ತುಸು ದಪ್ಪ ಇರುತ್ತದೆ. ಕೈಯಿಂದ ತಳ್ಳಿದಾಗ ಮೂರನೇ ಒಂದು ಭಾಗ ಒಳಗೆ ಹೋದರೆ ಸರಿಯಾದ ಬಿಗಿ, ಉಳಿದದ್ದು ಸುತ್ತಿಗೆಯ ಪಾಲು. ಹೋಗದಿದ್ದರೆ ಸೈಟಿನ ತಳಕ್ಕೆ ಮಾರ್ಕರ್ ಬಳಿದು, ಎಲ್ಲಿ ಉಜ್ಜಿದೆಯೋ ಅಲ್ಲಿ ಮಾತ್ರ ಅರ ಹಾಕಿ. ನಳಿಗೆಯ ಗಾಡಿಗೆ ಅರ ಮುಟ್ಟಿಸಬೇಡಿ. ಸೈಟು ಕೆಟ್ಟರೆ ಇನ್ನೊಂದು ಸೈಟು, ಗಾಡಿ ಕೆಟ್ಟರೆ ಇನ್ನೊಂದು ನಳಿಗೆ.

ಕೂರಿಸಿದ ಮೇಲೆ ಶೂಟಿಂಗ್ ರೇಂಜು. ಎತ್ತರದ ಸೈಟು ಗುಂಡನ್ನು ಕೆಳಗೆ ಹಾಕುತ್ತದೆ, ಅದು ಬೇಕಾದದ್ದೇ. ಲೆಕ್ಕದ ಅರ್ಧದಷ್ಟು ಮಾತ್ರ ಸವೆಸಿ, ಐದು ಈಡು. ಆಮೇಲೆ ಪ್ರತಿ ಸಲ ಎರಡೇ ಎಳೆತ, ಮತ್ತೆ ಐದು. ನಾಲ್ಕನೇ ಸುತ್ತಿನ ಹೊತ್ತಿಗೆ ಬೇಸರ ಬಂದು ‘ಇರಲಿ, ಇನ್ನೂ ನಾಲ್ಕು ಎಳೆದುಬಿಡೋಣ’ ಎನ್ನಿಸುತ್ತದೆ. ಹೊಸ ಸೈಟುಗಳಲ್ಲಿ ಬಹುಪಾಲು ಆ ನಾಲ್ಕು ಎಳೆತಕ್ಕೇ ಬಲಿ. ಉಜ್ಜಿ ಹೊಳೆಯುವ ಜಾಗಕ್ಕೆ ಕೋಲ್ಡ್ ಬ್ಲೂ (ಉಕ್ಕನ್ನು ಕಪ್ಪಾಗಿಸುವ ದ್ರವ) ಹಚ್ಚುವ ಮೊದಲು ಎಣ್ಣೆ ಪಸೆ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಚಿಬ್ಬು ಹಿಡಿದ ಹಾಗೆ ಕಾಣುತ್ತದೆ.

ಒಂದು ಮಾತು ಮಾತ್ರ ಎಲ್ಲರಿಗೂ ಕೊನೆಗೇ ತಿಳಿಯುತ್ತದೆ. ಭಾರದ, ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಒದೆತಕ್ಕೆ ನಳಿಗೆಯ ಮೂತಿ ಮೇಲೇರಿ ಗುಂಡು ಎತ್ತರಕ್ಕೆ ಬೀಳುತ್ತದೆ. ಹಗುರ, ಚುರುಕಿನದ್ದು ಕೆಳಗೆ. ಸೈಟು ಹೊಂದಿಸುವುದೆಂದರೆ ಒಂದು ಬಗೆಯ ತೋಟಾಕ್ಕೆ ಹೊಂದಿಸುವುದು. ಭಾರದ ಗುಂಡಿಗೆ ಕೂದಲೆಳೆಯಷ್ಟೂ ತಪ್ಪದಂತೆ ಸೈಟು ಸಿದ್ಧವಾದ ಮರುವಾರ ಯಾರೋ ಹಗುರ ಗುಂಡಿನ ಡಬ್ಬಿ ತಂದುಕೊಡುತ್ತಾರೆ. ಐದೂ ಗುಂಡು ಕೆಳಗೆ. ಅರ ಇನ್ನೂ ಮೇಜಿನ ಮೇಲೆಯೇ ಇರುತ್ತದೆ.